ಮಾಂಸ ತಿನ್ನುವ ಕಲ್ಲು

ಲಂಡನ್ನಿನದೋ ಕೈರೋದೋ ಯಾವುದಾದರೂ ದೊಡ್ಡ ವಸ್ತುಸಂಗ್ರಹಾಲಯದ ಚಿತ್ರಗಳನ್ನು ನೋಡುವಾಗ ಕಲ್ಲಿನ ದೊಡ್ಡ ತೊಟ್ಟಿಯಂಥ ವಸ್ತುವೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಮುಚ್ಚಳ ಪಕ್ಕಕ್ಕೆ ಸರಿದಿರುತ್ತದೆ, ಮೈತುಂಬ ಕೆತ್ತನೆ ಇರುತ್ತದೆ, ಒಳಗೆ ಯಾರೂ ಇರುವುದಿಲ್ಲ. ಕೆಳಗಿನ ಚೀಟಿಯಲ್ಲಿ ‘ಸಾರ್ಕೊಫೇಗಸ್’ ಎಂದಿರುತ್ತದೆ. ನಮ್ಮ ಪತ್ರಿಕೆಗಳು ಇದನ್ನು ‘ಕಲ್ಲಿನ ಶವಪೆಟ್ಟಿಗೆ’ ಎಂದು ಅನುವಾದಿಸುತ್ತವೆ. ಅನುವಾದ ತಪ್ಪೇನಲ್ಲ. ಆದರೆ ಮೂಲ ಪದದಲ್ಲಿ ಶವವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಗ್ರೀಕಿನಲ್ಲಿ ‘ಸಾರ್ಕ್ಸ್’ ಎಂದರೆ ಮಾಂಸ, ‘ಫಗೇಯ್ನ್’ ಎಂದರೆ ತಿನ್ನುವುದು. ಸಾರ್ಕೊಫೇಗಸ್ ಎಂದರೆ ಮಾಂಸ ತಿನ್ನುವುದು, ಅಷ್ಟೇ.

ಈ ಎರಡು ಧಾತುಗಳ ಮಕ್ಕಳು ಮರಿಗಳು ಇಂಗ್ಲಿಷಿನಲ್ಲಿ ಇನ್ನೂ ಇದ್ದಾರೆ. ವೈದ್ಯರ ಬಾಯಲ್ಲಿ ಬರುವ ‘ಸಾರ್ಕೋಮ’ ಎಂಬ ಗೆಡ್ಡೆಯಲ್ಲಿ ಇದೇ ಮಾಂಸವಿದೆ. ‘ಸಾರ್ಕ್ಯಾಸಂ’ನಲ್ಲೂ ಅದೇ ಇದೆ, ಗ್ರೀಕರ ಲೆಕ್ಕದಲ್ಲಿ ಕಟಕಿಯಾಡುವುದೆಂದರೆ ನಾಯಿ ಮಾಂಸವನ್ನು ಹರಿದಂತೆ ಹರಿಯುವುದು. ಆ ಹೋಲಿಕೆ ಅರ್ಥವಾಗುತ್ತದೆ. ಆದರೆ ಸತ್ತವರನ್ನು ಮಲಗಿಸುವ ಪೆಟ್ಟಿಗೆಗೆ ಇಂಥ ಹೆಸರನ್ನು ಯಾರು ಇಡುತ್ತಾರೆ, ಯಾಕೆ ಇಡುತ್ತಾರೆ?

ಉತ್ತರ ಇವತ್ತಿನ ತುರ್ಕಿಯ ವಾಯವ್ಯ ಮೂಲೆಯ ಕಡಲದಂಡೆಯಲ್ಲಿದೆ. ಅಲ್ಲಿ ಬೆಹ್ರಾಮ್‌ಕಲೆ ಎಂಬ ಸಣ್ಣ ಊರಿದೆ. ಹಿಂದೆ ಅದರ ಹೆಸರು ಆಸ್ಸೋಸ್. ಗುಡ್ಡದ ನೆತ್ತಿಯಲ್ಲಿ ಅಥೀನಾ ದೇವಿಯ ಗುಡಿಯ ಕಂಬಗಳು, ಎದುರಿಗೆ ಸಮುದ್ರದಾಚೆ ಲೆಸ್ಬೋಸ್ ದ್ವೀಪ. ಪ್ಲೇಟೋ ತೀರಿಕೊಂಡ ಮೇಲೆ ಕ್ರಿ.ಪೂ. 347ರಲ್ಲಿ ಅಥೆನ್ಸ್ ಬಿಟ್ಟ ಅರಿಸ್ಟಾಟಲ್ ಮೂರು ವರ್ಷದ ಮಟ್ಟಿಗೆ ಇದ್ದದ್ದು ಇಲ್ಲೇ. ಊರಿನ ಪಡುವಣ ಬಾಗಿಲಿಂದ ಹೊರಟ ಹಳೆಯ ದಾರಿಯ ಅಕ್ಕಪಕ್ಕದಲ್ಲಿ ಇಂದಿಗೂ ಬೂದುಬಣ್ಣದ ಕಲ್ಲುಪೆಟ್ಟಿಗೆಗಳು ಬಿದ್ದುಕೊಂಡಿವೆ. ಅಲ್ಲಿನ ಕಲ್ಲು ಜ್ವಾಲಾಮುಖಿಯಿಂದ ಹುಟ್ಟಿದ್ದು, ಭೂವಿಜ್ಞಾನಿಗಳು ಅದನ್ನು ಆಂಡೆಸೈಟ್ ಎನ್ನುತ್ತಾರೆ.

ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಹಿರಿಯ ಪ್ಲಿನಿ ತನ್ನ 37 ಸಂಪುಟಗಳ ‘ನ್ಯಾಚುರಲ್ ಹಿಸ್ಟರಿ’ಯ 36ನೇ ಸಂಪುಟದಲ್ಲಿ ಈ ಕಲ್ಲಿನ ಬಗ್ಗೆ ಬರೆಯುತ್ತಾನೆ. ಅವನ ಪ್ರಕಾರ ಆಸ್ಸೋಸಿನ ಕಲ್ಲು ಪದರಪದರವಾಗಿ ಸೀಳುತ್ತದೆ. ಅದರ ಪೆಟ್ಟಿಗೆಯಲ್ಲಿಟ್ಟ ಹೆಣ ಹಲ್ಲೊಂದನ್ನು ಬಿಟ್ಟು 40 ದಿನದೊಳಗೆ ಇಲ್ಲವಾಗುತ್ತದೆ. ಈ ಕಲ್ಲಿಗೇ ಸಾರ್ಕೊಫೇಗಸ್ ಎಂದು ಹೆಸರು. ಎಂದರೆ ಮೊದಲು ಅದು ಪೆಟ್ಟಿಗೆಯ ಹೆಸರಲ್ಲ, ಕಲ್ಲಿನ ಜಾತಿಯ ಹೆಸರು. ನಾವು ಬಳಪದ ಕಲ್ಲು, ಸುಣ್ಣದ ಕಲ್ಲು ಎನ್ನುವಂತೆ ಅವರಿಗೆ ಅದು ಮಾಂಸ ತಿನ್ನುವ ಕಲ್ಲು.

ಪ್ಲಿನಿ ಅಲ್ಲಿಗೇ ನಿಲ್ಲಿಸುವುದಿಲ್ಲ. ಶವದ ಜೊತೆ ಇಟ್ಟ ಕನ್ನಡಿ, ಬಟ್ಟೆ, ಪಾದರಕ್ಷೆ ಎಲ್ಲ ಆ ಪೆಟ್ಟಿಗೆಯಲ್ಲಿ ಕಲ್ಲಾಗುತ್ತವೆ ಎಂದು ಇನ್ನೊಬ್ಬ ಲೇಖಕ ಹೇಳಿದ್ದನ್ನೂ ದಾಖಲಿಸುತ್ತಾನೆ. ಆ ಕಲ್ಲಿನ ರುಚಿ ಉಪ್ಪು. ಅದರಿಂದ ಮಾಡಿದ ತೊಟ್ಟಿಯಲ್ಲಿ ಕಾಲಿಟ್ಟು ಕೂತರೆ ಸಂಧಿವಾತದ ನೋವು ಕಡಿಮೆಯಾಗುತ್ತದೆ. ಅದರ ಮೇಲೆ ಕೂರುವ ಹಿಟ್ಟಿನಂಥ ಪುಡಿ ಔಷಧಿಗೆ ಬರುತ್ತದೆ. ಗ್ರೀಕ್ ವೈದ್ಯ ಡಯೊಸ್ಕೊರಿಡಿಸ್ ಕೂಡ ಈ ಕಲ್ಲನ್ನು ಮದ್ದಿನ ಪಟ್ಟಿಯಲ್ಲಿ ಸೇರಿಸಿದ್ದಾನೆ. ಈ ಉಪ್ಪಿನ ರುಚಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಕೊನೆಗೆ ಮತ್ತೆ ಬರುತ್ತೇನೆ.

ಹಾಗಾದರೆ ಆ ಕಲ್ಲು ನಿಜವಾಗಿಯೂ ತಿನ್ನುತ್ತಿತ್ತೇ? ಆಂಡೆಸೈಟಿಗೆ ಅಂಥ ಹಸಿವಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ದೇಹ ಕೊಳೆಯುವುದು ದೇಹದ ಒಳಗಿನ ಮತ್ತು ಸುತ್ತಲಿನ ಸೂಕ್ಷ್ಮಜೀವಿಗಳಿಂದ. ಸುಣ್ಣದಂಥ ಏನನ್ನಾದರೂ ಒಳಗೆ ಹಾಕುತ್ತಿದ್ದರೇನೋ, ಅದರ ಕೀರ್ತಿ ಕಲ್ಲಿಗೆ ಬಂತೇನೋ ಎಂದು ಕೆಲವರು ಊಹಿಸಿದ್ದಾರೆ. ನನಗನ್ನಿಸುವುದು, ಇದರಲ್ಲಿ ವ್ಯಾಪಾರಿಗಳ ಬಾಯಿಯ ಪಾಲೂ ಇದೆ. ಆಸ್ಸೋಸಿನ ಕಲ್ಲುಪೆಟ್ಟಿಗೆಗಳು ಹಡಗೇರಿ ದೂರದ ಊರುಗಳಿಗೆ ಹೋಗುತ್ತಿದ್ದವು. ಅಷ್ಟು ಭಾರದ ಸರಕನ್ನು ಅಷ್ಟು ದೂರ ಮಾರಬೇಕಾದರೆ ‘ನಮ್ಮ ಕಲ್ಲು ಬರೀ ಕಲ್ಲಲ್ಲ’ ಎನ್ನಲೇಬೇಕಲ್ಲ.

ಆದರೆ ಆ ಮಾತು ಮಾರಾಟವಾದದ್ದು ಯಾಕೆ ಎಂಬುದು ಇದಕ್ಕಿಂತ ಮುಖ್ಯ. ತಮ್ಮವರ ದೇಹ 40 ದಿನದಲ್ಲಿ ಕರಗಿಹೋಗಬೇಕೆಂದು ಬಯಸಿದ ಜನ ಇದ್ದರು ಎಂದಾಯಿತು. ಕೊಳೆತು ನಾರಿ ಹುಳುಬಿದ್ದು ವರ್ಷಗಟ್ಟಲೆ ಹಿಂಸೆಪಡುವುದಕ್ಕಿಂತ ಬೇಗ, ಸ್ವಚ್ಛವಾಗಿ ಮುಗಿದುಹೋಗಲಿ ಎಂಬ ಬಯಕೆ ಅದು. ಸುಡುವವರ ಬಯಕೆಯೂ ಇದೇ. ಇವರು ಬೆಂಕಿಯ ಕೆಲಸವನ್ನು ಕಲ್ಲಿಗೆ ವಹಿಸಿದರು. ಪ್ಲಿನಿ ಇದನ್ನು ಬರೆದ ಬೆನ್ನಿಗೇ ಇನ್ನೊಂದು ಜಾತಿಯ ಕಲ್ಲಿನ ಬಗ್ಗೆ ಬರೆಯುತ್ತಾನೆ. ಅದು ದಂತದಂತೆ ಬೆಳ್ಳಗಿದೆ, ಅದು ದೇಹವನ್ನು ತಿನ್ನುವುದಿಲ್ಲ, ಕಾಪಾಡುತ್ತದೆ, ಪರ್ಷಿಯಾದ ದೊರೆ ಡರಾಯಸ್‌ನನ್ನು ಅದರಲ್ಲೇ ಇಟ್ಟಿದ್ದಾರಂತೆ. ಹೀಗೆ ಒಂದೇ ಪುಟದಲ್ಲಿ ಎರಡು ಬಗೆಯ ಕಲ್ಲು: ಹೋಗಲಿ ಎನ್ನುವವರಿಗೆ ಒಂದು, ಇರಲಿ ಎನ್ನುವವರಿಗೆ ಇನ್ನೊಂದು.

ಇದನ್ನು ಬರೆದ ಪ್ಲಿನಿ ಸತ್ತದ್ದು ಕ್ರಿ.ಶ. 79ರಲ್ಲಿ, ವೆಸುವಿಯಸ್ ಸಿಡಿದಾಗ ಆಕಾಶದಿಂದ ಬಿದ್ದ ಕಲ್ಲು ಬೂದಿಗಳ ಮಳೆಯಲ್ಲಿ. ಆಮೇಲೆ ಬೆಳಕಾದಾಗ ದೇಹ ಸಿಕ್ಕಿತು, ಗಾಯವಿರಲಿಲ್ಲ, ಸತ್ತವನಿಗಿಂತ ಮಲಗಿದವನಂತೆ ಕಾಣುತ್ತಿದ್ದ ಎಂದು ಅವನ ಸೋದರಳಿಯ ಕಾಗದ ಬರೆದಿದ್ದಾನೆ.

ಕಲ್ಲಿನ ಹೆಸರು ಪೆಟ್ಟಿಗೆಯ ಹೆಸರಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಪ್ಲಿನಿಗಿಂತ ಒಂದು ತಲೆಮಾರು ಈಚಿನ ಕವಿ ಜುವೆನಲ್ ತನ್ನ ಹತ್ತನೆಯ ವಿಡಂಬನೆಯಲ್ಲಿ ಅಲೆಕ್ಸಾಂಡರನನ್ನು ತರುತ್ತಾನೆ. ಜಗತ್ತೇ ಸಾಲದೆಂದವನಿಗೆ ಕೊನೆಗೆ ಒಂದು ಸಾರ್ಕೊಫೇಗಸ್ ಸಾಕಾಯಿತು ಎಂಬುದು ಅಲ್ಲಿನ ಇಂಗಿತ. ಇಲ್ಲಿ ಪದಕ್ಕೆ ಆಸ್ಸೋಸಿನ ನಂಟು ಉಳಿದಿಲ್ಲ. ಯಾವ ಕಲ್ಲಿನದಾದರೂ ಸರಿ, ಅದು ಹೆಣದ ಪೆಟ್ಟಿಗೆ. ಅದೇ ಹೊತ್ತಿಗೆ ರೋಮಿನ ಸಿರಿವಂತರು ಸುಡುವುದನ್ನು ಬಿಟ್ಟು ಹೂಳುವ ಕಡೆಗೆ ತಿರುಗಿದರು. ಎರಡನೇ ಶತಮಾನದಿಂದ ಅಮೃತಶಿಲೆಯ ಪೆಟ್ಟಿಗೆಗಳ ದೊಡ್ಡ ಉದ್ಯಮವೇ ಬೆಳೆಯಿತು. ಅವುಗಳ ಮೈಮೇಲೆ ಬೇಟೆ, ಮದುವೆ, ಯುದ್ಧ, ದ್ರಾಕ್ಷಿ ಸುಗ್ಗಿ, ಎಲ್ಲವನ್ನೂ ಕೆತ್ತಿಸಿದರು. ನೂರಾರು ವರ್ಷ ನೆನಪಿರಬೇಕೆಂದು ಹಣ ಸುರಿದು ಮಾಡಿಸಿದ ಆ ಪೆಟ್ಟಿಗೆಗಳಿಗೆ ‘ತಿನ್ನುವ ಕಲ್ಲು’ ಎಂಬ ಹೆಸರೇ ಅಂಟಿಕೊಂಡಿತು. ಹೇಳುವವರಿಗೆ ಅದರ ಅರ್ಥ ಕೇಳಿಸುವುದು ಎಂದೋ ನಿಂತುಹೋಗಿತ್ತು. ಬಾಯಿಂದ ಬಾಯಿಗೆ ಸವೆದು ಅದೇ ಪದ ಜರ್ಮನ್ನಿನಲ್ಲಿ ‘ಸಾರ್ಗ್’ ಆಯಿತು, ಫ್ರೆಂಚಿನಲ್ಲಿ ‘ಸೆರ್ಕೇಯ್’ ಆಯಿತು. ಇವತ್ತು ಬರ್ಲಿನ್ನಿನ ಬಡಗಿ ಮಾಡುವ ಹಗುರ ಮರದ ಪೆಟ್ಟಿಗೆಯೂ ನಿರುಕ್ತಿಯ ಪ್ರಕಾರ ಮಾಂಸಾಹಾರಿಯೇ.

ಈ ಹೆಸರು ಈಜಿಪ್ಟಿಗೆ ಹೋದದ್ದು ಎಲ್ಲಕ್ಕಿಂತ ದೊಡ್ಡ ವಿಪರ್ಯಾಸ. ಪ್ರಾಚೀನ ಈಜಿಪ್ಟಿನವರು ತಮ್ಮ ಶವಪೆಟ್ಟಿಗೆಗೆ ಬಳಸಿದ ಪದಗಳಲ್ಲಿ ಒಂದು ‘ನೆಬ್ ಅಂಖ್’. ಅದರ ಅರ್ಥ ‘ಬದುಕಿನ ಒಡೆಯ’. ಕರುಳು ತೆಗೆದು, ಲವಣ ಹಾಕಿ ಒಣಗಿಸಿ, ನಾರುಬಟ್ಟೆ ಸುತ್ತಿ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ದೇಹದ ಒಂದು ಉಗುರೂ ಕಳೆಯದಂತೆ ನೋಡಿಕೊಂಡ ಜನ ಅವರು. ಅವರ ಬದುಕಿನ ಒಡೆಯನನ್ನು ಯುರೋಪಿನ ವಿದ್ವಾಂಸರು ಮಾಂಸಭಕ್ಷಕ ಎಂದು ಕರೆದರು, ನಾವೂ ಹಾಗೇ ಕರೆಯುತ್ತಿದ್ದೇವೆ. 1817ರಲ್ಲಿ ಜೋವಾನ್ನಿ ಬೆಲ್ಜೋನಿ ದೊರೆ ಮೊದಲನೆಯ ಸೇಟಿಯ ಗೋರಿಯನ್ನು ಹೊಕ್ಕಾಗ ಒಂದೇ ಅಲಬಾಸ್ಟರ್ ಕಲ್ಲಿನಲ್ಲಿ ಕಡೆದ ಪೆಟ್ಟಿಗೆ ಸಿಕ್ಕಿತು. ಒಳಗೆ ದೀಪವಿಟ್ಟರೆ ಬೆಳಕು ಹೊರಗೆ ಹಾಯುವಷ್ಟು ತೆಳು. ಮೈತುಂಬ ಬರಹ, ಆದರೆ ಆಗ ಜಗತ್ತಿನಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ; ಚಿತ್ರಲಿಪಿಯ ಗುಟ್ಟು ಬಿಡಿಸಿದ ಶಾಂಪೋಲಿಯನ್ನನ ಪ್ರಕಟಣೆ ಬಂದದ್ದು 1822ರಲ್ಲಿ. ಬ್ರಿಟಿಷ್ ಮ್ಯೂಸಿಯಂ ಬೆಲೆ ಹೆಚ್ಚೆಂದು ಬಿಟ್ಟ ಮೇಲೆ ವಾಸ್ತುಶಿಲ್ಪಿ ಜಾನ್ ಸೋನ್ ಅದನ್ನು 2000 ಪೌಂಡಿಗೆ ಕೊಂಡು ಲಂಡನ್ನಿನ ತನ್ನ ಮನೆಯ ನೆಲಮಾಳಿಗೆಯಲ್ಲಿಟ್ಟು, 1825ರಲ್ಲಿ ಮೂರು ಸಂಜೆ ದೀಪ ಹಚ್ಚಿ ಊರ ಗಣ್ಯರಿಗೆ ಔತಣ ಕೊಟ್ಟ. ಸೇಟಿಯ ದೇಹ ಮಾತ್ರ ಅದರಲ್ಲಿರಲಿಲ್ಲ. ಕಳ್ಳರ ಕಾಟಕ್ಕೆ ಹೆದರಿದ ಪುರೋಹಿತರು ಎಷ್ಟೋ ಶತಮಾನಗಳ ಹಿಂದೆಯೇ ಅದನ್ನು ಬೇರೆಡೆ ಅಡಗಿಸಿದ್ದರು. ಅದು 1881ರಲ್ಲಿ ಬೆಳಕಿಗೆ ಬಂತು. ಇಂದಿಗೂ ನೋಡಿದವರು ಬೆರಗಾಗುವಷ್ಟು ಚೆನ್ನಾಗಿರುವ ಮುಖ ಅದು. ಮಾಂಸ ತಿನ್ನುವುದೆಂದು ಹೆಸರಾದ ಪೆಟ್ಟಿಗೆ ಲಂಡನ್ನಿನಲ್ಲಿ ಖಾಲಿ, ಅದು ತಿನ್ನದೆ ಬಿಟ್ಟ ಮಾಂಸ ಕೈರೋದಲ್ಲಿ.

ನಮ್ಮ ಕಾಲದಲ್ಲಿ ಈ ಪದ ಇನ್ನೂ ಒಂದು ಮಜಲು ದಾಟಿದೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ನಾಲ್ಕನೇ ಅಣುಸ್ಥಾವರ ಸಿಡಿದಾಗ ಅದರ ಮೇಲೆ ಉಕ್ಕು ಕಾಂಕ್ರೀಟುಗಳ ದೊಡ್ಡ ಕವಚ ಕಟ್ಟಿದರು. ಅದಕ್ಕೆ ರೂಢಿಯಲ್ಲಿ ಬಂದ ಹೆಸರು ‘ಸಾರ್ಕೊಫೇಗಸ್’. ಒಳಗಿದ್ದದ್ದು ಯಾವ ಕಲ್ಲೂ ತಿಂದು ಮುಗಿಸಲಾರದ ವಸ್ತು. ಹಾಗೆಂದು ಆ ಹೆಸರು ಪೂರ್ತಿ ಅಲಂಕಾರವೂ ಅಲ್ಲ. ಆ ರಾತ್ರಿ ಪಾಳಿಯಲ್ಲಿದ್ದ ವಲೇರಿ ಖೊಡೆಮ್ಚುಕ್ ಎಂಬ ಕೆಲಸಗಾರನ ದೇಹ ಸಿಗಲೇ ಇಲ್ಲ. ಅವನು ಅದರೊಳಗೇ ಇದ್ದಾನೆ.

ಇನ್ನು ಇಂಗ್ಲಿಷಿನ ‘ಕಾಫಿನ್’. ಇದರ ಹುಟ್ಟು ಇಷ್ಟು ಭಯಂಕರವಲ್ಲ. ಗ್ರೀಕಿನ ‘ಕೊಫಿನೊಸ್’ ಎಂದರೆ ಬುಟ್ಟಿ. ಬೈಬಲಿನಲ್ಲಿ ಐದು ರೊಟ್ಟಿಯಿಂದ ಐದು ಸಾವಿರ ಜನರು ಉಂಡ ಮೇಲೆ ಉಳಿದ ತುಂಡುಗಳನ್ನು ಹನ್ನೆರಡು ಬುಟ್ಟಿಗಳಲ್ಲಿ ತುಂಬಿದರಲ್ಲ, ಮೂಲದಲ್ಲಿ ಅವು ಹನ್ನೆರಡು ಕೊಫಿನೊಸ್. ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗಲೂ ಅದು ಬುಟ್ಟಿ ಅಥವಾ ಪೆಟ್ಟಿಗೆಯೇ. ಅಡುಗೆಯವರು ಮಾಂಸದ ಕಡುಬಿನ ಹಿಟ್ಟಿನ ಹೊದಿಕೆಗೂ ಕಾಫಿನ್ ಎನ್ನುತ್ತಿದ್ದರು. ಹೆಣದ ಪೆಟ್ಟಿಗೆ ಎಂಬ ಅರ್ಥ ನೆಲೆಯಾದದ್ದು ಹದಿನಾರನೇ ಶತಮಾನದಲ್ಲಿ. ಆ ಶತಮಾನದ ಕೊನೆಗೆ ಬಂದ ಷೇಕ್ಸ್‌ಪಿಯರನ ‘ಟೈಟಸ್ ಆಂಡ್ರೊನಿಕಸ್’ ನಾಟಕದಲ್ಲಿ ನಾಯಕ ತನ್ನ ವೈರಿಗಳನ್ನು ಕೊಂದು, ಅವರ ಎಲುಬಿನ ಪುಡಿಯ ಹಿಟ್ಟಿನಿಂದ ‘ಕಾಫಿನ್’ ಮಾಡಿ, ಅದರಲ್ಲಿ ಅವರ ಮಾಂಸವಿಟ್ಟು ಬೇಯಿಸಿ ಅವರ ತಾಯಿಗೇ ಬಡಿಸುತ್ತಾನೆ. ಕಡುಬು, ಶವಪೆಟ್ಟಿಗೆ ಎರಡೂ ಅರ್ಥ ಒಟ್ಟಿಗೆ ಮೊಳಗುವ ಜಾಗ ಅದು. ಅಲ್ಲಿ ತಿನ್ನುವುದು ಕಲ್ಲಲ್ಲ, ಹೆತ್ತವಳು.

ಬುಟ್ಟಿಯ ಇನ್ನೊಂದು ಕಥೆ ನಮ್ಮ ಊರಿನವರೆಗೂ ಬಂದಿದೆ. ಹೀಬ್ರೂ ಬೈಬಲಿನಲ್ಲಿ ಕೂಸು ಮೋಶೆಯನ್ನು ನೈಲ್ ನದಿಯ ಜೊಂಡಿನ ನಡುವೆ ಇಟ್ಟ ಬುಟ್ಟಿಗೂ ನೋಹನ ನಾವೆಗೂ ಒಂದೇ ಪದ, ‘ತೇಬಾ’. ಅದರ ಅರಬ್ಬೀ ನೆಂಟ ‘ತಾಬೂತ್’. ಕುರಾನಿನಲ್ಲಿ ಮೂಸಾನನ್ನು ನೀರಿಗೆ ಬಿಟ್ಟದ್ದು ತಾಬೂತಿನಲ್ಲಿ. ಅರಬ್ಬೀ ಮಾತಿನಲ್ಲಿ ಶವಪೆಟ್ಟಿಗೆಯೂ ತಾಬೂತೇ. ಎರಡಕ್ಕೂ ಮೂಲ ಪೆಟ್ಟಿಗೆ, ಶವಪೆಟ್ಟಿಗೆ ಎಂಬರ್ಥದ ಈಜಿಪ್ಟಿನ ಒಂದು ಹಳೆಯ ಪದ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ನೋಡಿದವರಿಗೆ ಈ ಪದದ ಪರಿಚಯ ಮಾಡಿಕೊಡಬೇಕಿಲ್ಲ. ಬಣ್ಣದ ಕಾಗದ, ಬಿದಿರುಗಳಿಂದ ಕಟ್ಟಿ ಹೆಗಲ ಮೇಲೆ ಹೊತ್ತು ತರುವ ಹುಸೇನರ ಗೋರಿಯ ಮಾದರಿ, ತಾಬೂತು. ಹೊರುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಅದರೊಳಗೆ ದೇಹವಿಲ್ಲ, ಕೊನೆಗೆ ನೀರಿಗೆ ಹೋಗುತ್ತದೆ. ಮಗುವನ್ನು ಉಳಿಸಿದ ಬುಟ್ಟಿಯ ಹೆಸರು ಮತ್ತೆ ನೀರಿಗೇ ತಲುಪಿದ್ದು ಆಕಸ್ಮಿಕವಿರಬಹುದು. ನನಗೆ ಮಾತ್ರ ಹೊಳೆಯ ದಂಡೆಯಲ್ಲಿ ನಿಂತಾಗಲೆಲ್ಲ ಅದು ನೆನಪಾಗುತ್ತದೆ.

ಇಷ್ಟಾದ ಮೇಲೆ ಕನ್ನಡಕ್ಕೆ ಬರೋಣ. ನಮ್ಮ ‘ಪೆಟ್ಟಿಗೆ’ಗೂ ಬುಟ್ಟಿಯ ವಾಸನೆ ಇದೆ. ಅದರ ಜೊತೆಯಲ್ಲೇ ಓಡಾಡುವ ಸಂಸ್ಕೃತದ ‘ಪೇಟಿಕಾ’, ‘ಪೇಟಕ’ಗಳಿಗೆ ಬುಟ್ಟಿ ಎಂಬ ಅರ್ಥವೂ ಇದೆ. ಬೌದ್ಧರ ತ್ರಿಪಿಟಕವೂ ಮೂರು ಬುಟ್ಟಿಗಳೇ ತಾನೆ. ಆದರೆ ‘ಶವಪೆಟ್ಟಿಗೆ’ ಎಂಬ ಜೋಡಣೆ ಪುಸ್ತಕದ ಮಾತು. ಕ್ರೈಸ್ತರ ಮನೆಗಳಲ್ಲಿ ಬರೀ ‘ಪೆಟ್ಟಿಗೆ’ ಎಂದರೆ ಸಾಕು, ಸಂದರ್ಭವೇ ಉಳಿದದ್ದನ್ನು ಹೇಳುತ್ತದೆ. ಉಳಿದ ಬಹುಪಾಲು ಕನ್ನಡಿಗರಿಗೆ ಆ ವಸ್ತುವೇ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಹೊರುವ ಸಾಧನ. ಅದಕ್ಕೆ ಪದಗಳ ಬಡತನವಿಲ್ಲ: ಚಟ್ಟ, ಸಿದಿಗೆ, ಲಿಂಗಾಯತರಲ್ಲಿ ಕೂರಿಸಿ ಒಯ್ಯುವ ವಿಮಾನ. ಎಲ್ಲವೂ ಕುಣಿಯ ಅಂಚಿನವರೆಗೆ, ಚಿತೆಯ ಅಂಚಿನವರೆಗೆ. ಅಲ್ಲಿಂದ ಮುಂದಕ್ಕೆ ಹೆಣಕ್ಕೂ ನೆಲಕ್ಕೂ ನಡುವೆ ಏನೂ ಇಲ್ಲ.

ಮುಂದಿನ ಕೆಲಸಕ್ಕೆ ನಮ್ಮ ಜನ ಬಳಸುವ ಮಾತು ‘ಮಣ್ಣು ಮಾಡುವುದು’. ದಿನಬಳಕೆಯಲ್ಲಿ ಸವೆದು ಅದರ ಅರ್ಥ ನಮಗೂ ಕೇಳಿಸದಂತಾಗಿದೆ. ಮಣ್ಣಲ್ಲಿ ಇಡುವುದಲ್ಲ, ಮಣ್ಣಿಗೆ ಕೊಡುವುದೂ ಅಲ್ಲ, ಮನುಷ್ಯನನ್ನು ಮಣ್ಣು ಮಾಡುವುದು. ಸುಡುವ ಮನೆತನಗಳ ಸಾವಿಗೆ ಹೋಗಿ ಬಂದವರೂ ಕೆಲವು ಕಡೆ ‘ಮಣ್ಣಿಗೆ ಹೋಗಿದ್ದೆ’ ಎನ್ನುತ್ತಾರೆ. ಸಾರ್ಕೊಫೇಗಸ್ ಎಂಬ ಪದದ ಒಳಗಿನ ಅರ್ಥಕ್ಕೆ ಕನ್ನಡದಲ್ಲಿ ಹತ್ತಿರದ್ದು ಶವಪೆಟ್ಟಿಗೆಯಲ್ಲ, ಈ ಮಾತು ಎಂದು ನನ್ನ ಎಣಿಕೆ. ಅಲ್ಲಿ ಕಲ್ಲು ಮಾಡುತ್ತದೆಂದು ನಂಬಿದ್ದನ್ನು ಇಲ್ಲಿ ನೆಲ ಮಾಡುತ್ತದೆ.

ಹಾಗೆಂದು ಈ ನೆಲದಲ್ಲಿ ಕಲ್ಲಿನ ಪೆಟ್ಟಿಗೆ ಇರಲೇ ಇಲ್ಲವೆಂದಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಬೃಹತ್ ಶಿಲಾಯುಗದ ಕಲ್ಲುಗೋರಿಗಳು ಸಿಕ್ಕವು. ಕಣಶಿಲೆಯ ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದಂತೆ ಒಂದಕ್ಕೊಂದು ಆನಿಸಿ ನಿಲ್ಲಿಸಿ, ಒಂದರಲ್ಲಿ ದುಂಡನೆಯ ಕಿಂಡಿ ಕೊರೆದ ಕೋಣೆಗಳು. ಒಳಗೆ ಕಪ್ಪು ಕೆಂಪು ಮಡಕೆಗಳು, ಕಬ್ಬಿಣದ ಹತಾರಗಳು. ಜೊತೆಗೆ ಎಲುಬು, ಆದರೆ ಒಬ್ಬರ ಪೂರ್ತಿ ಅಸ್ಥಿಪಂಜರವಲ್ಲ, ಹಲವರ ಬಿಡಿ ಎಲುಬುಗಳು. ಎಂದರೆ ಅಲ್ಲಿಗೆ ಬರುವ ಮುಂಚೆಯೇ ಮಾಂಸ ಹೋಗಿರುತ್ತಿತ್ತು. ಹತ್ತಿರವೇ ಇದ್ದ, ಹೆಣವಿಲ್ಲದ ದುಂಡು ಗುಂಡಿಗಳು ದೇಹವನ್ನು ಮೊದಲು ಬಯಲಿಗಿಟ್ಟು ಕರಗಿಸಿದ ಜಾಗಗಳಿರಬಹುದು ಎಂದು ವೀಲರ್ ಊಹಿಸಿದ. ಆಸ್ಸೋಸಿನವರು ಒಂದೇ ಪೆಟ್ಟಿಗೆಗೆ ವಹಿಸಿದ ಎರಡು ಕೆಲಸಗಳನ್ನು ಬ್ರಹ್ಮಗಿರಿಯವರು ಬೇರೆಬೇರೆ ಮಾಡಿದ್ದರು: ಕರಗುವುದನ್ನು ಕರಗಲು ಬಿಟ್ಟು, ಉಳಿದದ್ದನ್ನು ಕಲ್ಲಿನ ಮನೆಯಲ್ಲಿಟ್ಟರು. ಅದಕ್ಕೆ ಅವರು ಏನೆಂದು ಹೆಸರಿಟ್ಟಿದ್ದರೋ, ಆ ಪದ ಅವರ ಜೊತೆಗೇ ಹೋಯಿತು. ಆಮೇಲೆ ಬಂದ ನಮ್ಮ ಹಳ್ಳಿಯವರು ಇಂಥ ಗೋರಿಗಳನ್ನು ಕಂಡು, ಇದು ಸತ್ತವರದೆಂದು ತಿಳಿಯದೆ, ಮೋರ್ಯರ ಮನೆ, ಪಾಂಡವರ ಮನೆ ಎಂದು ಬದುಕಿದ್ದವರ ಹೆಸರಿಟ್ಟರು.

ನಮ್ಮಜ್ಜಿಯನ್ನು ಮಣ್ಣು ಮಾಡಿದಾಗ ನನಗೆ ಹತ್ತು ವರ್ಷವಿದ್ದೀತು. ಹೊಲದ ಬದುವಿನಲ್ಲಿ ತೋಡಿದ ಕುಣಿ. ಪೆಟ್ಟಿಗೆಯಿಲ್ಲ, ಬಿಳಿ ಸೀರೆ ಸುತ್ತಿದ್ದರು. ಮಣ್ಣೆಳೆಯುವ ಮುಂಚೆ ಚಿಕ್ಕಪ್ಪ ಗೋಣಿಚೀಲ ಬಿಚ್ಚಿ ಹರಳುಪ್ಪನ್ನು ಮೊರದಲ್ಲಿ ತುಂಬಿ ತುಂಬಿ ಸುರಿದರು. ಉಪ್ಪು ಯಾಕೆ ಎಂದು ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರನ್ನು ಕೇಳಿದೆ. ‘ಬೇಗ ಮಣ್ಣಾಗಲಿ ಅಂತ’ ಎಂದರು. ಅವರ ಪಕ್ಕದಲ್ಲಿದ್ದವರು ‘ಅಲ್ಲ ಮಾರಾಯ, ಕೆಡದಿರಲಿ ಅಂತ’ ಎಂದರು. ಇಬ್ಬರೂ ಅಲ್ಲೇ, ಕುಣಿಯ ಪಕ್ಕದಲ್ಲೇ, ಸ್ವಲ್ಪ ಹೊತ್ತು ವಾದ ಮಾಡಿದರು. ಅಷ್ಟರಲ್ಲಿ ಮಣ್ಣೆಳೆಯಲು ಎಲ್ಲರನ್ನೂ ಕರೆದರು.